ರೋಗದ ಹೆಸರು ಗೊತ್ತಿದ್ದ ಮೇಲೂ

ಕೊನೆಗೆ ರೋಗ ಯಾವುದೆಂದು ಗೊತ್ತಿರುವ ಕಂತನ್ನು ಮತ್ತೆ ನೋಡಿ ಏನು ಸಿಗುತ್ತದೆ ಎಂದು ಮನೆಯವರು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. 2004ರಿಂದ 2012ರವರೆಗೆ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಬಂದ ‘ಹೌಸ್’ ಧಾರಾವಾಹಿಯ 177 ಕಂತುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಯಾರೋ ಕುಸಿದು ಬೀಳುತ್ತಾರೆ, ಊರುಗೋಲಿನ ವೈದ್ಯ ಹೌಸ್ ಬಿಳಿ ಹಲಗೆಯ ಮೇಲೆ ಲಕ್ಷಣಗಳನ್ನು ಬರೆಯುತ್ತಾನೆ, ಮೊದಲ ಚಿಕಿತ್ಸೆಯಿಂದ ರೋಗಿಯ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ, ಕಂತು ಮುಗಿಯುವ ಹೊತ್ತಿಗೆ ಸತ್ಯ ಹೊಳೆಯುತ್ತದೆ.

ಉತ್ತರ ಗೊತ್ತಿರುವುದರಿಂದಲೇ ಕಣ್ಣು ರೋಗಿಯನ್ನು ಬಿಟ್ಟು ವೈದ್ಯರತ್ತ ಹೊರಳುತ್ತದೆ. ಮೊದಲ ಕಂತಿನಲ್ಲಿ, ಪಾಠ ಮಾಡುತ್ತಲೇ ಮಾತು ತಪ್ಪಿ ಬೀಳುವ ಶಿಶುವಿಹಾರದ ಶಿಕ್ಷಕಿ ತನಗೆ ಸಂಬಂಧಿಯೆಂದು ಹೇಳಿ ವಿಲ್ಸನ್ ತನ್ನ ಗೆಳೆಯ ಹೌಸ್‌ನನ್ನು ಆಕೆಯ ಚಿಕಿತ್ಸೆಗೆ ಒಪ್ಪಿಸುತ್ತಾನೆ. ಆಕೆಯ ಮನೆಗೆ ಕದ್ದು ನುಗ್ಗಿದ, ಹೌಸ್‌ನ ತಂಡದ ವೈದ್ಯ ಫೋರ್‌ಮನ್ (ರೋಗಿಗಳ ಮನೆಗೆ ಹೀಗೆ ಕನ್ನ ಹಾಕುವುದು ಇಲ್ಲಿ ತಪಾಸಣೆಯ ಒಂದು ಭಾಗ!) ಅಲ್ಲಿದ್ದ ಹಂದಿಮಾಂಸವನ್ನು ತಾನು ತಿಂದದ್ದನ್ನು ಬಾಯಿಬಿಡುತ್ತಾನೆ. ಯೆಹೂದಿಯಾದ ವಿಲ್ಸನ್‌ನ ನೆಂಟರ ಮನೆಯಲ್ಲಿ ಹಂದಿಮಾಂಸವೇ? ಗೆಳೆಯನ ಸುಳ್ಳು ಬಯಲಾದ ಬೆನ್ನಿಗೇ ಹಂದಿಮಾಂಸದಿಂದ ಬಂದು ಶಿಕ್ಷಕಿಯ ಮಿದುಳು ಸೇರಿದ ಲಾಡಿಹುಳುವೂ ಹೌಸ್‌ಗೆ ಹೊಳೆಯುತ್ತದೆ. ಆರಂಭದಲ್ಲಿ ವಿಲ್ಸನ್ ಎಷ್ಟು ಸಲೀಸಾಗಿ ಸುಳ್ಳು ಹೇಳಿದ್ದನೆಂಬುದು ತಿಳಿಯುವುದು ಮತ್ತೊಮ್ಮೆ ನೋಡಿದಾಗಲೇ.

ಹೌಸ್‌ನ ತಂಡದ ಇನ್ನೊಬ್ಬ ವೈದ್ಯ ಕಟ್ನರ್‌ನ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆ ಭಾರವಾಗುತ್ತದೆ. ಭಾರತೀಯ ಮೂಲದ ನಟ ಕಾಲ್ ಪೆನ್ 2009ರಲ್ಲಿ ಒಬಾಮ ಅವರ ಆಡಳಿತದಲ್ಲಿ ಕೆಲಸ ಮಾಡಲು ಹೊರಟಾಗ, ಅವರು ಅಭಿನಯಿಸುತ್ತಿದ್ದ ನಗೆಮೊಗದ ಕಟ್ನರ್ ಯಾವ ಸುಳಿವೂ ಕೊಡದೆ ಆತ್ಮಹತ್ಯೆ ಮಾಡಿಕೊಂಡನೆಂದು ಬರಹಗಾರರು ಕಥೆ ಹೆಣೆದರು. ಲಕ್ಷಣಗಳನ್ನು ಓದುವುದೇ ಕಸುಬಾದ ತಂಡಕ್ಕೆ ತಮ್ಮ ಪಕ್ಕದವನ ಲಕ್ಷಣ ಕಾಣಲಿಲ್ಲ. ಹಿಂದಿನ ಕಂತುಗಳಲ್ಲಿ ಅವನ ನಗುವನ್ನು ನಾನೂ ಅನುಮಾನದಿಂದ ನೋಡುತ್ತೇನೆ. ಬರಹಗಾರರು ಅಲ್ಲೇನೂ ಬಚ್ಚಿಟ್ಟಿಲ್ಲ, ಆದರೂ ಹುಡುಕುವುದು ನಿಲ್ಲುವುದಿಲ್ಲ.

ಏಳನೆಯ ಸೀಸನ್ನಿನ ನಂತರ ಆಸ್ಪತ್ರೆಯ ಮುಖ್ಯಸ್ಥೆ ಕಡಿ ಇರುವುದಿಲ್ಲ. ಹೌಸ್‌ನನ್ನು ಗದರಿಸಿ ಅಂಕೆಯಲ್ಲಿಡುವ ಅವಳಿಲ್ಲದೆ ಅವನ ಪುಂಡಾಟಕ್ಕೆ ಮೊದಲಿನ ರಂಗಿಲ್ಲ. ಹಾಗಾಗಿ ಎಂಟನೆಯ ಸೀಸನ್ನಿನ ಬಹುಭಾಗವನ್ನು ನಾನು ಹಾರಿಸಿಬಿಡುತ್ತೇನೆ. ಕ್ಯಾನ್ಸರ್ ತಜ್ಞನಾದ ವಿಲ್ಸನ್‌ಗೇ ಕ್ಯಾನ್ಸರ್ ಎಂದು ತಿಳಿಯುವ ಕೊನೆಯ ಕೆಲವು ಕಂತುಗಳನ್ನು ಮಾತ್ರ ಬಿಡುವುದಿಲ್ಲ. ಅಲ್ಲಿ ರೋಗದ ಹೆಸರು ಹೌಸ್‌ಗೂ ಮೊದಲೇ ಗೊತ್ತು, ಬಿಳಿ ಹಲಗೆಗೆ ಕೆಲಸವೇ ಇಲ್ಲ.