ಬಣ್ಣ ತೆಗೆದರಷ್ಟೇ ಸಾಲದು
ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಕಥೆ ಹೇಳುವುದರ ಕುರಿತ ಲೇಖನವೊಂದು, ಬಣ್ಣ ತೆಗೆದೊಡನೆ ಚಿತ್ರಕ್ಕೆ ಗಾಂಭೀರ್ಯ ತಾನಾಗಿ ಬರುತ್ತದೆ ಎನ್ನುತ್ತದೆ; ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. (ಹಾಗಿದ್ದರೆ ಮೊಬೈಲಿನ ಫಿಲ್ಟರ್ ಒತ್ತಿದವರೆಲ್ಲ ಕಥೆಗಾರರಾಗಬೇಕಿತ್ತು.) ಕಪ್ಪು-ಬಿಳುಪಿನ ನಿಜವಾದ ಅನುಕೂಲವೆಂದರೆ, ಬೇರೆ ಬೇರೆ ದಿನ, ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳು ಅಕ್ಕಪಕ್ಕ ಕುಳಿತಾಗ ಬಣ್ಣಗಳ ಜಗಳವಿಲ್ಲದೆ ಒಂದೇ ಕಥೆಯ ಪುಟಗಳಂತೆ ಕಾಣುತ್ತವೆ. ಉಳಿದದ್ದೆಲ್ಲ ಆಯ್ಕೆ ಮತ್ತು ಜೋಡಣೆಯ ಕೆಲಸ.

1948ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಪ್ರಕಟವಾದ, ಛಾಯಾಗ್ರಾಹಕ ಡಬ್ಲ್ಯೂ. ಯೂಜೀನ್ ಸ್ಮಿತ್ ಅವರ ‘ಕಂಟ್ರಿ ಡಾಕ್ಟರ್’ (ಹಳ್ಳಿಯ ವೈದ್ಯ) ಎಂಬ ಕಪ್ಪು-ಬಿಳುಪು ಚಿತ್ರ ಸರಣಿಯನ್ನೇ ನೋಡಬಹುದು. ಅಮೆರಿಕದ ಕೊಲೊರಾಡೊದ ಕ್ರೆಮ್ಲಿಂಗ್ ಎಂಬ ಸಣ್ಣ ಊರಿನ ವೈದ್ಯ ಅರ್ನೆಸ್ಟ್ ಸೆರಿಯಾನಿ, ಶಸ್ತ್ರಚಿಕಿತ್ಸೆಯ ಉಡುಪನ್ನೂ ಕಳಚದೆ ಅಡುಗೆಮನೆಯ ಕಟ್ಟೆಗೆ ಒರಗಿ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಸಿಗರೇಟು ಹಿಡಿದು ನಿಂತಿರುವ ಚಿತ್ರ ಅದರಲ್ಲಿದೆ. ಬಿಡಿಯಾಗಿ ನೋಡಿದರೆ ಅದು ದಣಿದ ಮನುಷ್ಯನೊಬ್ಬನ ಚಿತ್ರ ಅಷ್ಟೇ. ಅವರು ರೋಗಿಗಳ ಮನೆಗೆ ಹೋದದ್ದನ್ನು, ಕುದುರೆ ಒದ್ದು ಗಾಯಗೊಂಡ ಮಗುವಿಗೆ ಹೊಲಿಗೆ ಹಾಕಿದ್ದನ್ನು ನೋಡುತ್ತ ಬಂದವರಿಗೆ ಮಾತ್ರ ಆ ದಣಿವಿನ ತೂಕ ತಿಳಿಯುತ್ತದೆ.

ನಾನೂ ಒಮ್ಮೆ ಹನ್ನೆರಡು ಚಿತ್ರಗಳನ್ನು ಮುದ್ರಿಸಿ ನೆಲದ ಮೇಲೆ ಹರಡಿಕೊಂಡು ವಾರವಿಡೀ ಒದ್ದಾಡಿದೆ; ಕೊನೆಗೆ, ಎಲ್ಲರೂ ಮೆಚ್ಚಿದ್ದ ಒಂದನ್ನು ತೆಗೆದಿಟ್ಟ ಮೇಲೆಯೇ ಉಳಿದ ಹನ್ನೊಂದು ಚಿತ್ರಗಳು ಒಂದಕ್ಕೊಂದು ಕೂಡಿಕೊಂಡವು.