ಮೊದಲು ನಿಲ್ದಾಣವೋ, ನೇರ ಚಂದ್ರನೋ?

2035ಕ್ಕೆ ಐದು ಘಟಕಗಳ ಸ್ವಂತ ಅಂತರಿಕ್ಷ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ: ನಮ್ಮ ಗುರಿ ಎರಡು. ಎರಡನ್ನೂ ಒಟ್ಟಿಗೆ ಎಳೆಯಲಾಗದಿದ್ದರೆ ಯಾವುದನ್ನು ಹಿಡಿಯಬೇಕು?

ಪರ: ನಿಲ್ದಾಣವೇ ಮೊದಲು

ದೂರ ಹೋಗುವವರಿಗೆ ನೀರೇ ದೊಡ್ಡ ತಲೆನೋವು. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಮೂತ್ರವನ್ನು ಬಟ್ಟಿ ಇಳಿಸಿ ಕುಡಿಯುವ ನೀರು ಮಾಡುತ್ತಾರೆ. ಶೇ 85ರಷ್ಟು ನೀರು ವಾಪಸ್ ಬರಬೇಕೆಂದು ರೂಪಿಸಿದ ಯಂತ್ರ 2009ರಲ್ಲಿ ಕಟ್ಟಿಕೊಂಡಿತು. ಕಾರಣ ಗಗನಯಾತ್ರಿಗಳ ಮೂಳೆ! ತೂಕವಿಲ್ಲದ ಕಡೆ ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆದು, ಆ ಕ್ಯಾಲ್ಸಿಯಂ ಮೂತ್ರಕ್ಕಿಳಿಯುತ್ತದೆ. ಮೂತ್ರ ಕೆಡದಿರಲೆಂದು ಬೆರೆಸುತ್ತಿದ್ದ ಸಲ್ಫ್ಯೂರಿಕ್ ಆಮ್ಲದ ಜೊತೆ ಅದು ಕೂಡಿ ಕ್ಯಾಲ್ಸಿಯಂ ಸಲ್ಫೇಟ್ ಹರಳುಗಟ್ಟಿತು. ಇಳುವರಿ ತಗ್ಗಿಸಬೇಕಾಯಿತು, ಫಾಸ್ಫಾರಿಕ್ ಆಮ್ಲಕ್ಕೆ ಬದಲಾಯಿಸಿದ ಮೇಲೆ ದಾರಿಗೆ ಬಂತು. 2023ರಲ್ಲಿ ಒಟ್ಟು ನೀರಿನ ಮರುಬಳಕೆ ಶೇ 98 ಮುಟ್ಟಿತು. ನಿಲ್ದಾಣ ಇದ್ದದ್ದು 400 ಕಿ.ಮೀ. ಎತ್ತರದಲ್ಲಿ, ಹಾಗಾಗಿ ಬಿಡಿಭಾಗ ಮುಂದಿನ ಷಟಲ್ ನೌಕೆಯಲ್ಲಿ ಹೋಯಿತು. ಮಂಗಳದ ಅರ್ಧ ದಾರಿಯಲ್ಲಾಗಿದ್ದರೆ?

ಆ ನಿಲ್ದಾಣವನ್ನು 2030ರ ಬಳಿಕ ಸಾಗರಕ್ಕಿಳಿಸುವ ಯೋಜನೆಯಿದೆ. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯವನ್ನು ಅಲ್ಲಿ ಮೊಳಕೆ ಬರಿಸಿದರು. ಮುಂದಿನ ಕಾಳಿಗೆ ಯಾರ ಮನೆ ಬಾಗಿಲು ತಟ್ಟುವುದು?

ವಿರೋಧ: ಚಂದ್ರನಿಗೆ ನಿಲ್ದಾಣದ ಹಂಗಿಲ್ಲ

ಮಂಗಳದ ಭಯ ತೋರಿಸಿ ಚಂದ್ರನನ್ನು ಮುಂದೂಡುವುದು ಹಳೆಯ ವರಸೆ. ಚಂದ್ರ ಮೂರ್ನಾಲ್ಕು ದಿನದ ದಾರಿ. ಅಷ್ಟರಲ್ಲಿ ಮೂಳೆ ಕರಗದು. ಚಂದ್ರನಿಗೆ ಹೋದ ಅಮೆರಿಕದ ಅಪೊಲೊ ನೌಕೆಗಳಲ್ಲಿ, ಹೈಡ್ರೋಜನ್ ಆಮ್ಲಜನಕ ಕೂಡಿಸಿ ವಿದ್ಯುತ್ ಕೊಡುತ್ತಿದ್ದ ಫ್ಯುಯೆಲ್ ಸೆಲ್‌ಗಳಿಂದಲೇ ಕುಡಿಯುವ ನೀರೂ ಸಿಗುತ್ತಿತ್ತು.

ಇಳಿದರೆ ಸಿಗುವುದೇನು? 1970ರಲ್ಲಿ ಸೋವಿಯತ್ ಒಕ್ಕೂಟದ ಮಾನವರಹಿತ ಲೂನಾ 16 ಯಂತ್ರ ತಂದದ್ದು 101 ಗ್ರಾಂ ಮಣ್ಣು. 1972ರ ಅಪೊಲೊ 17ರ ಇಬ್ಬರು ಮೂರು ದಿನದಲ್ಲಿ 35 ಕಿ.ಮೀ. ಓಡಾಡಿ 110 ಕೆ.ಜಿ. ತಂದರು. ಶಾರ್ಟಿ ಕುಳಿಯ ಅಂಚಿನಲ್ಲಿ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಬೂಟು ಕೆದರಿದಲ್ಲಿ ಕಿತ್ತಳೆ ಮಣ್ಣು ಕಂಡರು. ಅಲ್ಲೇ ತೋಡಿ, ಕೊಳವೆ ಹೊಡೆದು ಮಾದರಿ ತೆಗೆದರು. ಅದು ಜ್ವಾಲಾಮುಖಿ ಉಗುಳಿದ ಗಾಜಿನ ಮಣಿ. ಅಂಥ ಮಣಿಗಳಲ್ಲಿ ನೀರಿನ ಗುರುತು ಸಿಕ್ಕಿದ್ದು 2008ರಲ್ಲಿ. ಪಳಗಿದ ಕಣ್ಣಿಗೆ ಆ ಬಣ್ಣ ಬೀಳದಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು.

ಅಲ್ಲಿನ ಅಪಾಯಗಳಿಗೂ ನಿಲ್ದಾಣದಲ್ಲಿ ತಾಲೀಮಿಲ್ಲ. ಭೂಮಿಯ ಕಾಂತಕ್ಷೇತ್ರದ ಆಸರೆಯಲ್ಲಿರುವವರಿಗೆ ಆಳ ಅಂತರಿಕ್ಷದ ವಿಕಿರಣ ಪೂರ್ತಿ ತಾಗದು. ಚಂದ್ರನ ದೂಳಂತೂ ಗಾಜಿನ ಪುಡಿಯಷ್ಟು ಚೂಪು: ಸೂಟಿನ ಬಟ್ಟೆ ತರಿಯಿತು, ಶ್ಮಿಟ್ ಮೂಗು ಕಟ್ಟಿಸಿತು, ನಿರ್ವಾತದಲ್ಲಿ ಮುಚ್ಚಿ ತಂದ ಕೆಲವು ಮಾದರಿ ಪೆಟ್ಟಿಗೆಗಳ ಸೀಲಿನೊಳಗೂ ಸಿಕ್ಕಿಕೊಂಡು ಗಾಳಿ ಒಳಬಿಟ್ಟಿತು.