ಪರದೆಯ ಆಚೆ ಯಾರಾದರೂ ನೋಡುತ್ತಿದ್ದೀರಾ?

ಹೃದ್ರೋಗಿಗಳಿಗೆಂದೇ ನಡೆಸುವ ಆನ್‌ಲೈನ್ ವ್ಯಾಯಾಮ ತರಗತಿಯೊಂದನ್ನು ಮುಗಿಸಿ ಈಗಷ್ಟೇ ಕುಳಿತಿದ್ದೇನೆ. ಬೆವರು ಆರಿದೆ, ಸಿಟ್ಟು ಆರಿಲ್ಲ. ನನ್ನ ಹೃದಯದ ರಕ್ತನಾಳದಲ್ಲಿ ಅದನ್ನು ತೆರೆದಿಡುವ ಸ್ಟೆಂಟ್ ಇದೆ, ಜೊತೆಗೆ ಸಕ್ಕರೆ ಕಾಯಿಲೆಯೂ ಇದೆ. ಆ ಪುರಾಣ ಅಷ್ಟಕ್ಕೇ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಹಿರಿಯರೊಬ್ಬರು ನಡುವೆಯೇ ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡು, ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದುದು ನನ್ನ ಮೊಬೈಲಿನ ಪುಟ್ಟ ಚೌಕದಲ್ಲೂ ಕಾಣುತ್ತಿತ್ತು. ತರಬೇತುದಾರರು ಮಾತ್ರ "ಸೂಪರ್, ಎಲ್ಲರೂ ಚೆನ್ನಾಗಿ ಮಾಡ್ತಿದ್ದೀರಿ, ಇನ್ನು ಹತ್ತು" ಎಂದು ಎಣಿಸುತ್ತಲೇ ಇದ್ದರು. ಕೂಗಿ ಹೇಳೋಣವೆಂದರೆ ನಮ್ಮೆಲ್ಲರ ಮೈಕ್‌ಗಳನ್ನೂ ಅವರೇ ಬಂದ್ ಮಾಡಿಟ್ಟಿದ್ದರು. ಹಿರಿಯರು ತಾವಾಗಿಯೇ ಕುಳಿತು ಸುಧಾರಿಸಿಕೊಂಡರು. ಅದರ ಶ್ರೇಯಸ್ಸು ಕುರ್ಚಿಗೆ ಸಲ್ಲಬೇಕು.

ದೂರದಿಂದ ತರಬೇತಿ ಕೊಡುವುದರ ಬಗ್ಗೆ ನನ್ನ ತಕರಾರಿಲ್ಲ. ನ್ಯೂಜಿಲೆಂಡಿನಲ್ಲಿ ಎದೆಗೆ ಸಂವೇದಕ ಕಟ್ಟಿಕೊಂಡು, ತಜ್ಞರು ಆ ಕ್ಷಣದಲ್ಲೇ ಗಮನಿಸುತ್ತಿರುವಾಗ ವ್ಯಾಯಾಮ ಮಾಡಿದ ಹೃದ್ರೋಗಿಗಳ ದೇಹಸಾಮರ್ಥ್ಯ, ಕೇಂದ್ರಕ್ಕೆ ಹೋಗಿ ಮಾಡಿದವರಿಗಿಂತ ಕಡಿಮೆಯೇನೂ ಆಗಲಿಲ್ಲವೆಂದು 2019ರಲ್ಲೇ ವರದಿಯಾಗಿದೆ. ಪೋಲೆಂಡಿನಲ್ಲಿ ಹೃದಯ ವೈಫಲ್ಯದ 850 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ರೋಗಿಯು ಮನೆಯಿಂದಲೇ ಇಸಿಜಿ ಕಳುಹಿಸಿ, ಇಂದು ಸುಸ್ತಿದೆಯೇ, ತೂಕವೆಷ್ಟು, ಮಾತ್ರೆ ನುಂಗಿದ್ದೀರಾ ಎಂಬ ಪ್ರಶ್ನೆಗಳಿಗೆ ಉತ್ತರಿಸಿ, ಆ ಕಡೆಯಿಂದ ಅನುಮತಿ ಬಂದ ಮೇಲಷ್ಟೇ ವ್ಯಾಯಾಮ ಆರಂಭಿಸುತ್ತಿದ್ದರು. ಅದರಿಂದಲೂ ಆಸ್ಪತ್ರೆಯ ಹೊರಗೆ ಬದುಕಿದ ದಿನಗಳೇನೂ ಹೆಚ್ಚಲಿಲ್ಲ. ಆದರೆ ದೇಹಸಾಮರ್ಥ್ಯವೂ ಬದುಕಿನ ಗುಣಮಟ್ಟವೂ ಸುಧಾರಿಸಿದವು. ಅಲ್ಲಿ ಯಾರೋ ಒಬ್ಬರು ನೋಡುತ್ತಿದ್ದರು ಎಂಬುದಷ್ಟೇ ನನಗೆ ಮುಖ್ಯ.

ನಮ್ಮ ತರಗತಿಯಲ್ಲಿ ಕೇಳಿದ್ದು ವಯಸ್ಸನ್ನು ಮಾತ್ರ. ಅದನ್ನು 220ರಿಂದ ಕಳೆದು, ಇಷ್ಟು ಪಾಲು ನಾಡಿಬಡಿತ ಬರಲೇಬೇಕು ಎಂದು ಅಪ್ಪಣೆ ಮಾಡಿದರು. ಬೀಟಾ ಬ್ಲಾಕರ್ ಮಾತ್ರೆ ನುಂಗುವವನ ಹೃದಯ ಆ ಲೆಕ್ಕವನ್ನು ಕೇಳುವುದಿಲ್ಲ. ಬಡಿತ ಏರದಂತೆ ತಡೆಯುವುದೇ ಆ ಮಾತ್ರೆಯ ಕೆಲಸ. ಅದಕ್ಕಾಗಿಯೇ, ಎಷ್ಟು ಶ್ರಮವೆನಿಸುತ್ತಿದೆ ಎಂಬುದನ್ನು 6ರಿಂದ 20ರವರೆಗಿನ ಅಂಕದಲ್ಲಿ ರೋಗಿಯ ಬಾಯಿಂದಲೇ ಹೇಳಿಸುವ, ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಇದೆ. ಆದರೆ ಅದಕ್ಕೆ ಮೈಕ್ ತೆರೆದಿರಬೇಕಲ್ಲ!

ಸಕ್ಕರೆಯ ಮಾತಂತೂ ಬರಲೇ ಇಲ್ಲ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮುನ್ನ ರಕ್ತದ ಸಕ್ಕರೆ ನೋಡಿಕೊಂಡು, ಅದು 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಶುರು ಮಾಡಬೇಕು. ಸಕ್ಕರೆ ಇಳಿದಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಎಂಬ ಎಚ್ಚರಿಕೆಗಳನ್ನು ಬೀಟಾ ಬ್ಲಾಕರ್ ಮುಚ್ಚಿಹಾಕಬಲ್ಲದು. ಉಳಿಯುವುದು ಬೆವರು, ವ್ಯಾಯಾಮ ಮಾಡುವಾಗ ಬೆವರದವರು ಯಾರು? ಮನೆಯಲ್ಲಿ ಯಾರೂ ಇಲ್ಲದ ದಿನ ಹಣೆ ಒರೆಸಿಕೊಳ್ಳುವಾಗ ನನಗೆ ಹೆದರಿಕೆಯಾಗುತ್ತದೆ. ಇದನ್ನು ಮನೆಯವರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

"ಏನೂ ಇಲ್ಲದಿರುವುದಕ್ಕಿಂತ ಇದು ವಾಸಿಯಲ್ಲವೇ, ಆಸ್ಪತ್ರೆಗೆ ಅಲೆಯಲಾಗದವರು ಏನು ಮಾಡಬೇಕು?" ಎಂದು ಗೆಳೆಯರೊಬ್ಬರು ಆಗಲೇ ಕೇಳಿಯಾಯಿತು. ಕಾಯಿಲೆ ಸ್ಥಿಮಿತದಲ್ಲಿದ್ದು, ವೈದ್ಯರು ಒಪ್ಪಿದ್ದರೆ, ಮಾತಾಡುತ್ತಾ ನಡೆಯುವಷ್ಟು ವೇಗದ ನಡಿಗೆ ಹೆಚ್ಚಿನವರಿಗೆ ಒಳ್ಳೆಯದೇ, ಒಪ್ಪಿದೆ. ಆದರೆ ಅದಕ್ಕೆ ಶುಲ್ಕ ಕಟ್ಟಿ ತರಗತಿ ಸೇರಬೇಕೇ ಸ್ವಾಮಿ? ಹಣ ತೆಗೆದುಕೊಂಡು ನಮ್ಮನ್ನು ನೋಡದೆ ಕೂರುವವರಿಗಿಂತ ಹಳೆಯ ವಿಡಿಯೊ ಎಷ್ಟೋ ಪ್ರಾಮಾಣಿಕ. ತಾನು ನೋಡುತ್ತಿದ್ದೇನೆಂದು ಅದು ಹೇಳಿಕೊಳ್ಳುವುದಾದರೂ ಇಲ್ಲ.

ನಿಮ್ಮ ಅಪ್ಪ ಅಮ್ಮನನ್ನು ಇಂಥ ತರಗತಿಗೆ ಸೇರಿಸುವ ಮುನ್ನ ಯಾವ ಮಾತ್ರೆ, ಟ್ರೆಡ್‌ಮಿಲ್ ಪರೀಕ್ಷೆ ಆಗಿದೆಯೇ ಎಂದು ಅವರು ಕೇಳುತ್ತಾರೋ ನೋಡಿ. ಆಮೇಲೆ ನೀವೊಂದು ಪ್ರಶ್ನೆ ಕೇಳಿ: ತರಗತಿಯ ನಡುವೆ ಇವರು ಕುಸಿದರೆ ಮನೆಯ ವಿಳಾಸ ಯಾರ ಬಳಿ ಇದೆ, ಆಂಬುಲೆನ್ಸ್‌ಗೆ ಫೋನ್ ಮಾಡುವವರು ಯಾರು? ನಾನು ಇಂದು ಇದನ್ನೇ ಬರೆದು ಕಳುಹಿಸಿದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂಬ ಉತ್ತರ, ಜೊತೆಗೊಂದು ಹೃದಯದ ಇಮೋಜಿ ಬಂದಿದೆ.